ಪಾತ್ರಾಹ್ವಾನದ ಭಿತ್ತಿಪತ್ರ: ರಚನಾವಿಚಾರ

ಸಂಸ್ಕೃತದ ‘ಪಾತ್ರ’ ಶಬ್ದಕ್ಕೆ ಭಾಂಡ, ದಾನಕ್ಕೆ ಯೋಗ್ಯನಾದವನು, ನಾಟಕದ ವ್ಯಕ್ತಿ ಎಂಬ ಅರ್ಥಗಳುಂಟು. ವಿದ್ಯಾರ್ಥಿಗಳು ಕಿರುಚಿತ್ರ ತೆಗೆಯಲು ಹೊರಟಾಗ ಅಭಿನಯಕ್ಕೆ ಯೋಗ್ಯರಾದವರನ್ನು ಕರೆಯುವ ಭಿತ್ತಿಪತ್ರವು ಕಡೆಯ ಎರಡು ಅರ್ಥಗಳನ್ನು ಒಂದುಗೂಡಿಸುತ್ತದೆ.

1934ರಲ್ಲಿ ತೆರೆಕಂಡ ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನ’ಕ್ಕೆ ಸುಬ್ಬಯ್ಯ ನಾಯ್ಡು, ನಾಗೇಂದ್ರರಾಯರಂಥ ನಟರು ವೃತ್ತಿರಂಗಭೂಮಿಯಿಂದ ಪಳಗಿಯೇ ಬಂದರು. ಶಾಲೆಯ ಚಿತ್ರಕ್ಕೆ ಅಂಥ ಮಂಡಲಿಯ ಬೆಂಬಲವಿಲ್ಲ. ಗೋಡೆಯ ಮೇಲಿನ ಒಂದು ಹಾಳೆಯೇ ನಟವರ್ಗವನ್ನು ಒದಗಿಸಬೇಕು.

ಭರತನ ನಾಟ್ಯಶಾಸ್ತ್ರವು ಪಾತ್ರಧಾರಣೆಯಲ್ಲಿ ಮೂರು ಬಗೆಗಳನ್ನು ಹೇಳುತ್ತದೆ. ನಟನ ವಯಸ್ಸಿಗೂ ಲಿಂಗಕ್ಕೂ ಒಪ್ಪುವುದು ಅನುರೂಪ. ಬಾಲಕನು ವೃದ್ಧನಾಗುವುದು ವಿರೂಪ. ಪುರುಷನು ಸ್ತ್ರೀಯಾಗುವುದು ರೂಪಾನುಸಾರಿಣಿ. ರಂಗದ ಮೇಲೆ ಮೂರೂ ಸಲ್ಲುವುವು. ಮುಖವನ್ನು ಅತಿ ಸಮೀಪದಿಂದ ತೋರುವ ಕ್ಯಾಮೆರಾದ ಮುಂದಾದರೋ ಅಂಟಿಸಿದ ಗಡ್ಡ ಬೇಗನೆ ಬಯಲಾಗುತ್ತದೆ. ಆದುದರಿಂದ ಕಥೆಯಲ್ಲಿ ಅಜ್ಜನಿದ್ದರೆ ಭಿತ್ತಿಪತ್ರವು ಶಾಲೆಯ ಫಲಕದಲ್ಲಿ ಮಾತ್ರವಲ್ಲದೆ ಪ್ರಸಾದನಿಲಯದ ಅಡುಗೆಮನೆಯಲ್ಲಿಯೂ ಊರ ಗ್ರಂಥಾಲಯದಲ್ಲಿಯೂ ಕಾಣಬೇಕು. ಹಳೆಯ ವಿದ್ಯಾರ್ಥಿಗಳ ಕೈಗೂ ಸೇರಬೇಕು.

ಅದರಲ್ಲಿ ಇರಬೇಕಾದ ಅಂಶಗಳು ಇವು:

1. ಚಿತ್ರದ ಹೆಸರು, ಒಂದು ವಾಕ್ಯದಲ್ಲಿ ಕಥಾವಸ್ತು.
2. ಪ್ರತಿಯೊಂದು ಪಾತ್ರದ ವಯಸ್ಸು, ಸ್ವಭಾವ, ಆಡುನುಡಿ.
3. ಅಭಿನಯ ಪರೀಕ್ಷೆಯ ದಿನ, ವೇಳೆ, ಸ್ಥಳ, ಚಿತ್ರೀಕರಣದ ಅವಧಿ.
4. ಸಂಭಾವನೆ ಉಂಟೋ ಇಲ್ಲವೋ. ಊಟ, ಪ್ರಯಾಣಗಳ ಏರ್ಪಾಡು.
5. ಮಕ್ಕಳಿಗೆ ಪೋಷಕರ ಒಪ್ಪಿಗೆ. ಹೊಣೆಹೊತ್ತ ಅಧ್ಯಾಪಕರ ಹೆಸರು.

ಇವುಗಳಲ್ಲಿ ಎರಡನೆಯದೇ ಪ್ರಧಾನ. ‘ಬೆಳ್ಳಗಿನ, ಸುಂದರಿಯಾದ ಹುಡುಗಿ ಬೇಕು’ ಎಂದು ಬರೆದರೆ ಕಪ್ಪು ಮೈಬಣ್ಣದ ಬಾಲಕಿ ಎಷ್ಟೇ ಸಮರ್ಥಳಾದರೂ ಫಲಕದ ಮುಂದಿನಿಂದಲೇ ಹಿಂದಿರುಗುತ್ತಾಳೆ. ‘ತಂದೆಯ ಸಾಲ ತೀರಿಸಲು ಹೊರಟ 14 ವರ್ಷದ ಮಗಳು, ಮಾತು ಕಡಿಮೆ, ಛಲ ಹೆಚ್ಚು’ ಎಂದು ಬರೆದರೆ ಅದೇ ಬಾಲಕಿ ಧೈರ್ಯದಿಂದ ಒಳಗೆ ಬರುತ್ತಾಳೆ. ಕಾಯಕದಲ್ಲಿ ಮೇಲುಕೀಳಿಲ್ಲವೆಂದು ಬೋಧಿಸುವ ಶಾಲೆಯ ಗೋಡೆಯು ಮೈಬಣ್ಣದ ಮೇಲುಕೀಳನ್ನು ಸಾರಬಾರದು.

ಇನ್ನು ಅಕ್ಷರವಿನ್ಯಾಸ. ಶೀರ್ಷಿಕೆಯ ಅಕ್ಷರಗಳು 1 ಅಂಗುಲ ಎತ್ತರವಿದ್ದರೆ 10 ಅಡಿ ದೂರದಿಂದ ಸುಲಭವಾಗಿ ಓದಬಹುದು. ಕನ್ನಡದ ಒತ್ತಕ್ಷರಗಳು ಸಾಲಿನ ಕೆಳಕ್ಕೂ ಗುಡಿಸು ಮೇಲಕ್ಕೂ ಚಾಚುವುದರಿಂದ ಸಾಲುಗಳ ನಡುವೆ ಧಾರಾಳವಾದ ತೆರಪು ಅಗತ್ಯ. ಚಿತ್ರ ಒಂದೇ ಸಾಕು. ಅದು ಪ್ರಸಿದ್ಧ ತಾರೆಯ ಮುಖವಾಗದೆ ಕಥೆಯೊಳಗಿನ ವಸ್ತುವಾಗಿರಲಿ. ಸಾಲದ ಕಥೆಗೆ ಲೆಕ್ಕದ ಪುಸ್ತಕ ಒಪ್ಪುತ್ತದೆ.

ಬಂದವರೆಲ್ಲರಿಗೂ ಪಾತ್ರ ದೊರೆಯದು. ಉಳಿದವರಿಗೆ ಬೆಳಕು, ಧ್ವನಿ, ವೇಷಭೂಷಣಗಳ ಕಾಯಕವುಂಟೆಂದು ಕೊನೆಯ ಸಾಲಿನಲ್ಲಿ ತಿಳಿಸುವುದು ಉಚಿತ. ಯೋಗ್ಯರನ್ನು ಆರಿಸುವುದು ಪರೀಕ್ಷಕರ ಕಾರ್ಯ. ಯೋಗ್ಯರಾರೂ ಬಾಗಿಲಲ್ಲೇ ನಿಲ್ಲದಂತೆ ನೋಡಿಕೊಳ್ಳುವುದು ಭಿತ್ತಿಪತ್ರದ ಕಾರ್ಯ.