ಗೌಜುಗದ ಬಟ್ಟಲಲ್ಲಿ ಅಜೋಲಾ: ಒಂದು ಲೆಕ್ಕ

ತುಮಕೂರು ಕಡೆಯ ನಮ್ಮ ರೂಮ್‌ಮೇಟ್ ಮನೆಯಲ್ಲಿ ಸಾವಿರ ಗೌಜುಗ ಸಾಕಿದ್ದಾರೆ. ಕೌಜುಗ, ಗೌಜಲಕ್ಕಿ ಅಂತ ಏನೇ ಹೆಸರಿದ್ದರೂ ಸಾಕುವವರ ಬಾಯಲ್ಲಿ ಅದು ಕ್ವೇಲ್. ನಮ್ಮ ಹೊಲದ ಬೇಲಿಯಲ್ಲಿ ಓಡಾಡೋ ಹಕ್ಕಿಯಲ್ಲ; ಜಪಾನೀಸ್ ಕ್ವೇಲ್. ಇಜ್ಜತ್‌ನಗರದ ಸಂಶೋಧನಾ ಕೇಂದ್ರ 1974ರಲ್ಲಿ ಅಮೆರಿಕದಿಂದ ತರಿಸಿದ ತಳಿ. 200 ಗ್ರಾಂ ಕೂಡ ತೂಗದ ಈ ಹಕ್ಕಿ ಆರೇಳು ವಾರಕ್ಕೇ ಮೊಟ್ಟೆ ಶುರುಮಾಡುತ್ತೆ.

ಫೀಡ್ ರೇಟು ಏರಿದಾಗ ಆ ಮನೆಯವರು ಫೋನಿನಲ್ಲಿ ಒಂದು ವಿಡಿಯೋ ನೋಡಿದರು. ಅಜೋಲಾದಲ್ಲಿ 25% ಪ್ರೋಟೀನ್ ಇದೆ, ಫೀಡ್ ಅರ್ಧ ಮಾಡಿ ಅಂತ. ಹಸುವಿಗೆ ಅಂತ ಮಾಡಿದ್ದ ಗುಂಡಿ ಹಿತ್ತಲಲ್ಲೇ ಇತ್ತು. ಅರ್ಧ ಫೀಡ್ ತೆಗೆದು, ಅಷ್ಟೇ ತೂಕದ ಹಸಿ ಅಜೋಲಾ ಹಾಕಿದರು. ಹತ್ತು ದಿನಕ್ಕೆ ಮೊಟ್ಟೆ ಅರ್ಧಕ್ಕಿಳಿಯಿತು. ರಜೆಗೆ ಹೋಗಿದ್ದ ನಮ್ಮನ್ನ ಅವನಮ್ಮ ಕೇಳಿದ್ದು ಇಷ್ಟೇ: "ಏನ್ರಪ್ಪಾ ಇಂಜಿನಿಯರ್‌ಗಳಾ, ಒಳ್ಳೇ ಸೊಪ್ಪು ಹಾಕಿದ್ರೆ ಮೊಟ್ಟೆ ಯಾಕೆ ಕಮ್ಮಿ ಆಗುತ್ತೆ?"

ಆವತ್ತು ನಮ್ಮಲ್ಲಿ ಉತ್ತರ ಇರಲಿಲ್ಲ.

ಅಜೋಲಾ ಅಂದರೆ ನೀರಿನ ಮೇಲೆ ತೇಲುವ ಪುಟ್ಟ ಜರೀಗಿಡ. ಅದರ ಎಲೆಯ ಪೊಳ್ಳಿನೊಳಗೆ ಅನಬೀನಾ ಎಂಬ ನೀಲಿ-ಹಸಿರು ಪಾಚಿ ಮನೆ ಮಾಡಿಕೊಂಡು ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುತ್ತದೆ. ಯೂರಿಯಾ ಹಾಕದೆಯೂ ಪ್ರೋಟೀನ್ ತುಂಬಿಕೊಳ್ಳೋದು ಹಾಗೆ. ಅಂದಮೇಲೆ ವಿಡಿಯೋ ಹೇಳಿದ್ದು ಸುಳ್ಳಲ್ಲ. ಆದರೆ ಆ 25% ಲೆಕ್ಕ ಪೂರ್ತಿ ಒಣಗಿದ ಅಜೋಲಾದ್ದು. ಒಂದು ಕೆ.ಜಿ. ಹಸಿ ಅಜೋಲಾವನ್ನು ನೀರು ಸೋಸಿ ಹಾಸ್ಟೆಲ್ ಟೆರೇಸಿನಲ್ಲಿ ಹಳೇ ಬೆಡ್‌ಶೀಟ್ ಮೇಲೆ ಹರಡಿ (ವಾರ್ಡನ್ ಏನದು ಅಂತ ಎರಡು ಸಲ ಬಂದು ನೋಡಿ ಹೋದರು) ಮೂರು ದಿನ ಬಿಟ್ಟೆವು. ಉಳಿದದ್ದು ಸುಮಾರು 70 ಗ್ರಾಂ. ಮಿಕ್ಕಿದ್ದೆಲ್ಲ ನೀರು!

ಈಗ ಮಾಸ್ ಬ್ಯಾಲೆನ್ಸ್ ಬರೆಯೋಣ. ಮೊಟ್ಟೆ ಇಡುವ ಕ್ವೇಲ್ ದಿನಕ್ಕೆ ಹೆಚ್ಚುಕಮ್ಮಿ 25 ಗ್ರಾಂ ಫೀಡ್ ತಿನ್ನುತ್ತೆ. ಅದರಲ್ಲಿ 20% ಪ್ರೋಟೀನ್ ಇರಬೇಕು, ಅಂದರೆ 5 ಗ್ರಾಂ. ಬಿಸಿಲಲ್ಲಿ ಒಣಗಿಸಿದ್ದರಲ್ಲಿ ಇನ್ನೂ ಒಂದಿಷ್ಟು ತೇವ ಉಳಿದಿರುತ್ತೆ, ಅದಕ್ಕೇ ಪ್ರೋಟೀನ್ 22% ಅಂತ ಹಿಡಿಯೋಣ. ಆಗ ಒಂದು ಕೆ.ಜಿ. ಹಸಿ ಅಜೋಲಾದಲ್ಲಿ ಸಿಗೋ ಪ್ರೋಟೀನ್ 15.4 ಗ್ರಾಂ. ಹನ್ನೆರಡೂವರೆ ಗ್ರಾಂ ಫೀಡ್ ತೆಗೆದಾಗ ಹಕ್ಕಿ ಕಳಕೊಂಡದ್ದು 2.5 ಗ್ರಾಂ ಪ್ರೋಟೀನ್. ಅದರ ಬದಲು ಸಿಕ್ಕಿದ್ದು 0.2 ಗ್ರಾಂ ಕೂಡ ಇಲ್ಲ. 10 ಗ್ರಾಂ ತೂಗುವ ಒಂದು ಮೊಟ್ಟೆಗೇ 1.3 ಗ್ರಾಂ ಹತ್ತಿರ ಪ್ರೋಟೀನ್ ಬೇಕು. ಮೈ ಉಳಿಸಿಕೊಳ್ಳಲೋ, ಮೊಟ್ಟೆ ಇಡಲೋ? ಇನ್ನು ಬರೀ ಹಸಿ ಅಜೋಲಾದಿಂದಲೇ 5 ಗ್ರಾಂ ತುಂಬಿಸ್ತೀವಿ ಅಂದರೆ 325 ಗ್ರಾಂ ತಿನ್ನಿಸಬೇಕು, ಹಕ್ಕಿಯ ತೂಕಕ್ಕಿಂತ ಜಾಸ್ತಿ. ಆಪರೇಷನ್ಸ್ ರಿಸರ್ಚ್‌ನಲ್ಲಿ ನಾವೆಲ್ಲ ಬಿಡಿಸಿದ ಡಯೆಟ್ ಪ್ರಾಬ್ಲಂ ನೆನಪಿದೆಯಾ? ಹೊಟ್ಟೆಯ ಅಳತೆಯೂ ಅಲ್ಲೊಂದು ಕನ್‌ಸ್ಟ್ರೈಂಟ್.

ಹಾಗಾದರೆ ಒಣಗಿಸಿ, ಪುಡಿ ಮಾಡಿ, ಫೀಡಿನಲ್ಲಿ 5% ಬೆರೆಸಿದರೆ? ಸಾವಿರ ಹಕ್ಕಿಗೆ ದಿನಕ್ಕೆ 1.25 ಕೆ.ಜಿ. ಪುಡಿ ಬೇಕು, ಅಂದರೆ ಹತ್ತತ್ರ 18 ಕೆ.ಜಿ. ಹಸಿ. ಎರಡೂಕಾಲು ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲದ ಸಿಲ್ಪಾಲಿನ್ ಗುಂಡಿ ಚೆನ್ನಾಗಿ ಬಂದರೆ ದಿನಕ್ಕೆ 600 ಗ್ರಾಂ ಕೊಡುತ್ತೆ. ಅಂಥವು 30 ಬೇಕು. ಓಡಾಡೋ ದಾರಿ ಬಿಟ್ಟು ನೀರಿನ ಜಾಗವೇ ಸರಿಯಾಗಿ ಒಂದು ಗುಂಟೆ. ಸಗಣಿ, ಸೂಪರ್ ಫಾಸ್ಫೇಟ್, ನೆರಳು ಬೇರೆ. ಬೇಸಿಗೆಯಲ್ಲಿ ನೀರು ಕಾದರೆ ಇಳುವರಿ ಬೀಳುತ್ತೆ.

ಒಣಗಿಸೋ ಲೆಕ್ಕ ಇನ್ನೂ ಮಜಾ. 16.6 ಕೆ.ಜಿ. ನೀರು ಹೋಗಬೇಕು. ಕೆ.ಜಿ.ಗೆ 2.4 ಮೆಗಾಜೂಲ್ ಅಂದರೆ 40 ಮೆಗಾಜೂಲ್, ಅಂದರೆ 11 ಯೂನಿಟ್ ಕರೆಂಟ್. ಡ್ರೈಯರಿನಲ್ಲಿ ಆಗೋ ನಷ್ಟ ಸೇರಿಸದೆ. ಯೂನಿಟ್‌ಗೆ 7 ರೂಪಾಯಿ ಅಂತಿಟ್ಟರೆ 77 ರೂಪಾಯಿ. ಆ ಪುಡಿಯಲ್ಲಿರೋ 275 ಗ್ರಾಂ ಪ್ರೋಟೀನ್, 45% ಪ್ರೋಟೀನಿನ ಸೋಯಾ ಹಿಂಡಿಯಾದರೆ 610 ಗ್ರಾಮಿನಲ್ಲಿ ಸಿಗುತ್ತೆ. ಹಿಂಡಿ ಕೆ.ಜಿ.ಗೆ 50 ರೂಪಾಯಿ ಅಂದುಕೊಂಡರೂ 30 ರೂಪಾಯಿ ಆಯಿತು. ಅಲ್ಲಿಗೆ ಕರೆಂಟ್ ಡ್ರೈಯರ್ ಐಡಿಯಾ ಬಿಟ್ಟೆವು.

ಇನ್ನೊಂದು ತೊಡಕಿದೆ. ಅಜೋಲಾದಲ್ಲಿ ನಾರು, ಬೂದಿ ಜಾಸ್ತಿ, ಶಕ್ತಿ ಕಮ್ಮಿ; ಮೆಥಿಯೋನಿನ್ ಎಂಬ ಅಮೈನೋ ಆಮ್ಲವೂ ಸಾಲದು. ಸೋಯಾದಲ್ಲೂ ಕೊರತೆ ಅದರದ್ದೇ. ಹಾಗಾಗಿ ಹಿಂಡಿ ಕಮ್ಮಿ ಮಾಡಿ ಪುಡಿ ಸೇರಿಸಿದರೆ ಮೆಥಿಯೋನಿನ್ ಬೇರೆಯಾಗಿ ಹಾಕಬೇಕು, ಸ್ವಲ್ಪ ಎಣ್ಣೆಯನ್ನೂ ಸೇರಿಸಬೇಕು. 24% ಪ್ರೋಟೀನ್ ಬೇಕಾದ ಪುಟ್ಟ ಮರಿಗಳ ಫೀಡಿನಲ್ಲಂತೂ ಈ ಪ್ರಯೋಗ ಬೇಡ ಅಂತಲೇ ನಮ್ಮ ಅಭಿಪ್ರಾಯ.

ಇದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಅಮ್ಮನಿಗೆ ಓದಿ ಹೇಳಿದೆವು. ಅವರು ಪೂರ್ತಿ ಫೀಡ್‌ಗೇ ವಾಪಸ್ ಬಂದರು. ಅದರ ಮೇಲೆ ಸಂಜೆ ಹೊತ್ತು, ಸಗಣಿ ವಾಸನೆ ಹೋಗುವಷ್ಟು ತೊಳೆದ ಹಸಿ ಅಜೋಲಾ ಹಕ್ಕಿಗೆ ಎರಡು ಗ್ರಾಮಿನಂತೆ ಹಾಕ್ತಾರೆ, ಫೀಡಿಗೆ ಬದಲಾಗಿ ಅಲ್ಲ, ಸೊಪ್ಪಿನ ಥರ. ಮೊಟ್ಟೆ ಮೂರು ವಾರದಲ್ಲಿ ಸುಧಾರಿಸಿತು. ಒಳಗಿನ ಹಳದಿ ಮೊದಲಿಗಿಂತ ಗಾಢವಾಗಿದೆ ಅಂತ ಅವರೇ ಒಡೆದು ತೋರಿಸಿದರು. ಅದು ಅಜೋಲಾದ ಕೆರೋಟಿನಾಯ್ಡ್‌ಗಳ ಕೆಲಸ.

ನಮ್ಮ ಬೆಡ್‌ಶೀಟ್ ಮೇಲಿನ ಪುಡಿ ಮಾತ್ರ ಕಂದು ತಿರುಗಿತ್ತು. ನೇರ ಬಿಸಿಲಿಗೆ ಆ ಬಣ್ಣವೇ ಮೊದಲು ಹಾಳಾಗೋದು. ಈ ಸಲ ಶೇಡ್‌ನೆಟ್ ಕೆಳಗೆ, ಗಾಳಿಯಾಡೋ ಜಾಲರಿ ತಟ್ಟೆಯಲ್ಲಿ ಹರಡಿದ್ದೇವೆ. ವಾರ್ಡನ್‌ಗೆ ಮೊದಲೇ ಹೇಳಿದ್ದೇವೆ.