ಐದು ಸೆಂಟ್ಸಿನ ಮನೆಯಿಂದ ತೋಟಗಾರಿಕೆಗೆ

ಮಗಾ, ತೋಟಗಾರಿಕೆ ಓದುತ್ತೇನೆ ಎಂದೆಯಂತೆ. ಮಂಗಳೂರು ಶಕ್ತಿನಗರದ ಐದು ಸೆಂಟ್ಸಿನಲ್ಲಿ ಕೂತು ಎಂಥ ತೋಟ ಮಾಡುವುದು ಎಂದು ಮನೆಯಲ್ಲಿ ನಕ್ಕದ್ದೂ ಕಿವಿಗೆ ಬಿತ್ತು. ಜಾಗ ಇದ್ದವರಿಗೆ ಮಾತ್ರ ಈ ವಿದ್ಯೆ ಎಂದು ನಮ್ಮವರು ತಿಳಿದಿದ್ದಾರೆ. ಆದರೆ ಬಂಟ್ವಾಳ, ಪುತ್ತೂರಿನ ಕಡೆ ಜಾಗ ಇದ್ದವರೇ ಕಸಿ ಕಟ್ಟುವವರಿಗೆ, ಅಡಿಕೆಗೆ ಮದ್ದು ಬಿಡುವವರಿಗೆ ಫೋನು ಮಾಡಿ ಸುಸ್ತಾಗಿದ್ದಾರೆ. ಇಲ್ಲಿ ಕೊರತೆ ಇರುವುದು ಜಾಗಕ್ಕಲ್ಲ, ಕೆಲಸ ಗೊತ್ತಿದ್ದ ಕೈಗೆ.

ಪದವಿಯೇ ಬೇಕಾದರೆ ಸಿಇಟಿ ಬರೆದು ನಾಲ್ಕು ವರ್ಷದ ಬಿ.ಎಸ್ಸಿ. ಮಾಡು. ಬಾಗಲಕೋಟೆಯಲ್ಲಿ 2008ರಲ್ಲಿ ತೋಟಗಾರಿಕೆಗೆಂದೇ ವಿಶ್ವವಿದ್ಯಾಲಯ ಆಯಿತು; ಶಿರಸಿಯ ಕಾಲೇಜು ಅದರದ್ದು. ಮೂಡಿಗೆರೆಯದ್ದು ಶಿವಮೊಗ್ಗದ ವಿಶ್ವವಿದ್ಯಾಲಯಕ್ಕೆ ಸೇರಿದೆ. ಮಳೆಯನ್ನೂ ಅಡಿಕೆ, ಕಾಳುಮೆಣಸನ್ನೂ ಹತ್ತಿರದಿಂದ ನೋಡಿ ಕಲಿಯಬೇಕಾದರೆ ಈ ಎರಡನ್ನೇ ಮೊದಲು ಆರಿಸು. ಕೃಷಿಕರ ಕೋಟಾ ನಿನಗೆ ಸಿಗದು, ಅದಕ್ಕೆ ಕೊರಗಬೇಡ. ಮುಂದೆ ಇಲಾಖೆಯಲ್ಲಿ ಸಹಾಯಕ ತೋಟಗಾರಿಕೆ ಅಧಿಕಾರಿ, ಬ್ಯಾಂಕಿನಲ್ಲಿ ಕೃಷಿ ಅಧಿಕಾರಿ ಆಗಬಹುದು. ಆದರೆ ಅಧಿಸೂಚನೆ ಕಾಯುತ್ತಲೇ ವಯಸ್ಸು ಕಳೆದವರೂ ಇದ್ದಾರೆ, ನೆನಪಿರಲಿ. ಸಮುದಾಯ ಕಾಲೇಜಿನ ಸಣ್ಣ ಕೋರ್ಸ್ ಸಿಕ್ಕಿದರೂ ತಾತ್ಸಾರ ಬೇಡ. ಕೋರ್ಸ್ ಎಷ್ಟು ತಿಂಗಳು ಎನ್ನುವುದಕ್ಕಿಂತ, ಕೈಗೆ ಗಿಡ ಕೊಟ್ಟು ಮಾಡಿಸುತ್ತಾರೋ ಇಲ್ಲವೋ ಎಂದು ವಿಚಾರಿಸು.

ಅದು ಯಾಕೆಂದು ತಿಳಿಯಬೇಕಾದರೆ ಪುತ್ತೂರಿನ ಗೇರು ಸಂಶೋಧನಾ ನಿರ್ದೇಶನಾಲಯದಲ್ಲಿ ಕಸಿ ಕಟ್ಟುವವರ ಪಕ್ಕ ಸ್ವಲ್ಪ ಹೊತ್ತು ನಿಂತು ನೋಡು. ಸುಮಾರು ಎರಡು ತಿಂಗಳ ಸಸಿಯ ತಲೆ ಕತ್ತರಿಸಿ, ನಡುವೆ ಸೀಳಿ, ತಾಯಿಮರದ ಕುಡಿಯನ್ನು ಬೆಣೆಯ ಹಾಗೆ ಚೂಪು ಮಾಡಿ ಇಳಿಸಿ, ಪ್ಲಾಸ್ಟಿಕ್ ಪಟ್ಟಿ ಸುತ್ತುತ್ತಾರೆ. ಕುಡಿಯ ಎಲೆಗಳನ್ನು ವಾರ, ಹತ್ತು ದಿನ ಮೊದಲೇ ತೊಟ್ಟು ಉಳಿಸಿ ಕತ್ತರಿಸಿರಬೇಕು. ಸಸಿಗೂ ಕುಡಿಗೂ ದಪ್ಪ ಹೊಂದಬೇಕು. ಸಿಪ್ಪೆಗೆ ಸಿಪ್ಪೆ ಕೂಡದಿದ್ದರೆ ಕುಡಿ ಒಣಗಿತೆಂದೇ ಲೆಕ್ಕ. ಇದು ಪುಸ್ತಕದಲ್ಲಿ ಅರ್ಧ ಪುಟ. ಕೈಗೆ ಬರಲು ಒಂದು ಮಳೆಗಾಲ ಬೇಕು, ಬೆರಳೂ ಒಂದೆರಡು ಸಲ ಕೊಯ್ದುಹೋಗುತ್ತದೆ.

ಅಡಿಕೆಯ ಕೊಳೆರೋಗಕ್ಕೆ ಬಿಡುವ ಬೋರ್ಡೋ ದ್ರಾವಣವೂ ಹಾಗೆಯೇ. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು ಎಂದು ಯಾರು ಬೇಕಾದರೂ ಹೇಳಿಯಾರು. ಕಬ್ಬಿಣದ ಕತ್ತಿ ಅದ್ದಿ ತೆಗೆದಾಗ ತಾಮ್ರದ ಬಣ್ಣ ಹಿಡಿದರೆ ಸುಣ್ಣ ಸಾಲದು ಎಂದು ತಿಳಿದವನನ್ನೇ ತೋಟದವರು ಮುಂದಿನ ವರ್ಷವೂ ಕರೆಯುವುದು.

ಪೇಟೆಯೊಳಗೇ ದುಡಿಯುತ್ತೇನೆಂದರೂ ದಾರಿ ಇದೆ. ಮಂಗಳೂರಿನಲ್ಲಿ ಟೆರೇಸಿನ ಕುಂಡದಲ್ಲೇ ಶಂಕರಪುರ ಮಲ್ಲಿಗೆ ಬೆಳೆದು ಮಾರುವವರಿದ್ದಾರೆ. ಎಂಟುನೂರು ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ದರ ಶಂಕರಪುರದಲ್ಲಿ ದಿನದಿನವೂ ನಿಗದಿಯಾಗುತ್ತದೆ. ಅಪಾರ್ಟ್‌ಮೆಂಟಿನ ಗಾರ್ಡನ್ ನೋಡಿಕೊಳ್ಳುವ ಗುತ್ತಿಗೆ, ಸಣ್ಣ ನರ್ಸರಿ, ಇವಕ್ಕೆಲ್ಲ ಪದವಿಗಿಂತ ಖರ್ಚು, ಬಂದದ್ದು ಬರೆದಿಡುವ ಒಂದು ಪುಸ್ತಕ ಹೆಚ್ಚು ಅಗತ್ಯ. ಗಿಡ ಚೆನ್ನಾಗಿ ಬೆಳೆಸಿ ಲೆಕ್ಕ ಇಡದೆ ಕೈಸುಟ್ಟುಕೊಂಡವರು ನಮ್ಮಲ್ಲಿ ಕಡಿಮೆಯೇನಲ್ಲ.

ಅರ್ಜಿ ಹಾಕುವ ಮೊದಲು ಒಂದು ಕೆಲಸ ಮಾಡು. ಕಂಕನಾಡಿ ಕಡೆ ಎಕ್ಕೂರಿನಲ್ಲಿ ಕೃಷಿ ವಿಜ್ಞಾನ ಕೇಂದ್ರ ಇದೆ, ಮನೆಯಿಂದ ದೂರವಿಲ್ಲ. ಮುಂದಿನ ತರಬೇತಿ ಯಾವಾಗ ಎಂದು ಈ ವಾರವೇ ಹೋಗಿ ಕೇಳಿ ಬಾ.