ಡಚ್ ಭಾಷೆಯ ದೀರ್ಘ ಸಮಾಸಗಳಲ್ಲಿ ಅಕ್ಷರವಿಭಾಗ ಮತ್ತು ಬಲಾಘಾತ

ಸಮಾಸವೆಂಬುದು ಸಂಸ್ಕೃತ ಕನ್ನಡಗಳಿಗೆ ಮಾತ್ರ ಮೀಸಲಾದ ಸೊತ್ತಲ್ಲ. ನೆದರ್ಲೆಂಡ್ಸ್ ದೇಶದಲ್ಲಿಯೂ ಬೆಲ್ಜಿಯಂನ ಉತ್ತರಭಾಗದಲ್ಲಿಯೂ ಬಳಕೆಯಲ್ಲಿರುವ ಡಚ್ ಭಾಷೆ ಬಹು ಸಮಾಸಪ್ರಿಯವಾದುದು. ಅಲ್ಲಿ ಸಮಸ್ತಪದವನ್ನು ನಡುವೆ ತೆರಪಿಲ್ಲದೆ ಒಂದಾಗಿ ಬರೆಯುವುದು ವಾಡಿಕೆ. ಆದುದರಿಂದ ಪದವನ್ನು ಎಲ್ಲಿ ಬಿಡಿಸಬೇಕು, ಬಲಾಘಾತವನ್ನು, ಎಂದರೆ ಉಚ್ಚಾರಣೆಯ ಒತ್ತನ್ನು, ಎಲ್ಲಿ ಇಡಬೇಕು ಎಂಬೆರಡನ್ನೂ ಓದುಗನು ಅರಿತಿರಬೇಕು.

‘ಜೀಕನ್’ ಎಂದರೆ ರೋಗಿಗಳು, ‘ಹೊಯ್ಸ್’ ಎಂದರೆ ಮನೆ; ‘ಜೀಕನ್‌ಹೊಯ್ಸ್’ ಎಂದರೆ ಆಸ್ಪತ್ರೆ. ನಮ್ಮ ತತ್ಪುರುಷದಲ್ಲಿರುವಂತೆ ಇಲ್ಲಿಯೂ ಅರ್ಥದಲ್ಲಿ ಉತ್ತರಪದವೇ ಪ್ರಧಾನ. ಆದರೆ ಪ್ರಧಾನ ಒತ್ತು ಬೀಳುವುದು ಪೂರ್ವಪದದ ‘ಜೀ’ ಎಂಬಲ್ಲಿ. ಅರ್ಥಕ್ಕೆ ಉತ್ತರಪದ, ಧ್ವನಿಗೆ ಪೂರ್ವಪದ: ಡಚ್ ನಾಮಸಮಾಸಗಳ ಸಾಮಾನ್ಯ ಸೂತ್ರವಿದು.

ದೀರ್ಘಪದದಲ್ಲಿಯೂ ಇದೇ ಕ್ರಮ. ಜೀವವಿಮಾ ಸಂಸ್ಥೆಗೆ ಅವರು ಹೇಳುವ ಪದ ‘ಲೇ-ವನ್ಸ್-ಫೆರ್-ಜೇ-ಕೆ-ರಿಂಗ್ಸ್-ಮಾಟ್-ಸ್ಖ-ಪೈ’. ಒಂದೊಂದು ಸ್ವರಕ್ಕೆ ಒಂದರಂತೆ ಎಣಿಸಿದರೆ 9 ಅಕ್ಷರಗಳು. ಜೀವ, ವಿಮೆ, ಸಂಸ್ಥೆ ಎಂಬ ಮೂರು ಪದಗಳ ನಡುವೆ ಎರಡೆಡೆ ಸಕಾರವು ಬೆಸುಗೆಯಾಗಿ ಬಂದು ಹಿಂದಿನ ಅಕ್ಷರಕ್ಕೆ ಸೇರಿದೆ. ಪ್ರಧಾನ ಒತ್ತು ‘ಲೇ’ ಮೇಲೆ. ‘ಜೇ’, ‘ಪೈ’ಗಳ ಮೇಲೆ ಗೌಣವಾದ ಒತ್ತು.

ಬಿಡಿಸುವಲ್ಲಿ ತಪ್ಪಿದರೆ ಅರ್ಥವೇ ಕೆಡುತ್ತದೆ. ‘ಕ್ವರ್ಟ್-ಸ್ಲಾಖೆನ್’ ಎಂದರೆ ಕಾಲು ಸುತ್ತುಗಳು. ‘ಕ್ವರ್ಟ್ಸ್-ಲಾಖೆನ್’ ಎಂದರೆ ಬೆಣಚುಕಲ್ಲಿನ ಪದರಗಳು. ಬರವಣಿಗೆಯಲ್ಲಿ ಎರಡಕ್ಕೂ ರೂಪವೊಂದೇ. ಸಕಾರವು ಯಾವ ಅಕ್ಷರಕ್ಕೆ ಸೇರಬೇಕೆಂಬುದನ್ನು ಸಮಾಸದ ಕೀಲೇ ನಿರ್ಣಯಿಸುತ್ತದೆ.

ಒತ್ತಿನ ವಿಷಯವೂ ಹಾಗೆಯೇ. ಒಂದೇ ಲಿಪಿರೂಪವನ್ನು ‘ಮಸಾಝೆ-ಬೆಟ್’ ಎಂದು ಎರಡನೆಯ ಅಕ್ಷರ ಒತ್ತಿ ಓದಿದರೆ ಅಂಗಮರ್ದನದ ಮಂಚ. ‘ಮಸಾ-ಖೆಬೆಟ್’ ಎಂದು ಮೊದಲನೆಯದನ್ನು ಒತ್ತಿದರೆ ಸಾಮೂಹಿಕ ಪ್ರಾರ್ಥನೆ! ಪೂರ್ವಪದವು ತಾನು ಬಿಡಿಯಾಗಿರುವಾಗ ಎಲ್ಲಿ ಒತ್ತು ಪಡೆಯುವುದೋ ಸಮಾಸದಲ್ಲಿಯೂ ಅಲ್ಲಿಯೇ ಪಡೆಯುತ್ತದೆ.

ಪತಂಜಲಿಯ ಮಹಾಭಾಷ್ಯವು ಸ್ಮರಿಸುವ ‘ಇಂದ್ರಶತ್ರು’ ಶಬ್ದ ವಿದ್ವಾಂಸರಿಗೆ ಪರಿಚಿತ. ಉದಾತ್ತವು ಕೊನೆಯಲ್ಲಿದ್ದರೆ ಇಂದ್ರನನ್ನು ಕೊಲ್ಲುವವನು. ಪೂರ್ವಪದದಲ್ಲಿದ್ದರೆ ಇಂದ್ರನಿಂದ ಸಾಯುವವನು. ಸ್ವರ ತಪ್ಪಿ ವೃತ್ರನು ಅಳಿದನೆಂದು ಕಥೆ. ವೈದಿಕಸ್ವರವು ಧ್ವನಿಯ ಏರಿಳಿತ, ಡಚ್ಚಿನದು ಉಚ್ಚಾರಣೆಯ ಬಲ. ಭೇದವಿದ್ದರೂ ಸಮಾಸದ ಅರ್ಥಕ್ಕೆ ಸ್ಥಾನವೇ ಸಾಕ್ಷಿಯೆಂಬ ತತ್ತ್ವ ಸಮಾನವಾದುದು.

ಅಪವಾದಗಳೂ ಉಂಟು. ನಗರಸಭಾಭವನವೆಂಬರ್ಥದ ‘ಸ್ಟಟ್‌ಹೊಯ್ಸ್’ ಪದದಲ್ಲಿ ಒತ್ತು ‘ಹೊಯ್ಸ್’ ಮೇಲಿದೆ. ಸೂತ್ರದೊಡನೆ ಪ್ರಯೋಗವನ್ನೂ ಕಿವಿಗೊಟ್ಟು ಕಲಿಯುವುದು ವಿದ್ಯಾರ್ಥಿಗಳಿಗೆ ಶ್ರೇಯಸ್ಕರ.